ನಮೀಬಿಯಾ, ಬೋಟ್ಸ್ವಾನಾ, ಜಿಂಬಾಬ್ವೆ: ನೀವೇ ಗಾಡಿ ಓಡಿಸಿಕೊಂಡು ಕ್ಯಾಂಪಿಂಗ್ ಸಫಾರಿ ಮಾಡುವ ಕ್ರಮ

ಈ ಸಫಾರಿಗೆ ಹೊರಟವರು ಪದೇ ಪದೇ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ಮೊದಲು ವಿಮಾನದ ಟಿಕೆಟ್ ತೆಗೆಯುತ್ತಾರೆ, ಆಮೇಲೆ ಗಾಡಿ, ಕೊನೆಗೆ ಕ್ಯಾಂಪ್‌ಸೈಟ್. ಅಷ್ಟರಲ್ಲಿ ಬೋಟ್ಸ್ವಾನಾದ ಕಾಡುಗಳಾದ ಸವೂಟಿಯಲ್ಲೂ ಜಾಗ ಇರುವುದಿಲ್ಲ, ಮೊರೆಮಿಯಲ್ಲೂ ಇರುವುದಿಲ್ಲ. ಸಿಕ್ಕ ತಾರೀಕುಗಳಿಗೆ ದಾರಿಯನ್ನು ಹೊಂದಿಸಲು ಹೋಗಿ ದಿನವಿಡೀ ಡ್ರೈವಿಂಗ್ ಮಾಡಬೇಕಾಗುತ್ತದೆ. ಕತ್ತಲಾದ ಮೇಲೂ ಗಾಡಿ ಓಡಿಸುತ್ತಾರೆ, ಗಡಿ ಮುಚ್ಚಿದ ಮೇಲೆ ಗೇಟು ತಲುಪುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ, ಹಿಂದುಮುಂದು ಮಾಡಬೇಡಿ.

ಉದಾಹರಣೆಗೆ ತೆಗೆದುಕೊಂಡಿರುವುದು ನಮೀಬಿಯಾದ ವಿಂಡ್‌ಹೋಕ್‌ನಲ್ಲಿ ಶುರುವಾಗಿ ಅಲ್ಲೇ ಮುಗಿಯುವ ಸುತ್ತು. ಎಟೋಶಾ ರಾಷ್ಟ್ರೀಯ ಉದ್ಯಾನ, ರುಂಡು, ಡಿವುಂಡು, ಕಟಿಮಾ ಮುಲಿಲೊ ದಾಟಿ ಎನ್‌ಗೋಮಾ ಗಡಿಯಲ್ಲಿ ಬೋಟ್ಸ್ವಾನಾಕ್ಕೆ ಹೋಗುತ್ತೀರಿ. ಕಸಾನೆಯಿಂದ ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತ ನೋಡಿ ಬಂದು ಸವೂಟಿ, ಖ್ವಾಯ್, ಮೊರೆಮಿ, ಮಾವುನ್, ಘಾಂಜಿ ಮೂಲಕ ವಾಪಸ್. ಇದಕ್ಕೆ ಮೂರು ವಾರ ಬೇಕು. ಎರಡೇ ವಾರ ಇದ್ದರೆ ಒಂದು ದೇಶವನ್ನು ಬಿಟ್ಟುಬಿಡಿ. ಜಾಂಬಿಯಾವನ್ನೂ ಸೇರಿಸಬೇಕು ಅನ್ನುವವರಿಗೆ ನನ್ನ ಸಲಹೆ ಒಂದೇ, ಮೊದಲ ಸಲ ಬೇಡ.

## ಹಂತ 1: ತಿಂಗಳನ್ನು ಗಟ್ಟಿ ಮಾಡಿಕೊಳ್ಳಿ

ಮೇಯಿಂದ ಅಕ್ಟೋಬರ್‌ವರೆಗೆ ಒಣ ಕಾಲ. ನೀರು ಕಡಿಮೆಯಾದಂತೆ ಪ್ರಾಣಿಗಳು ನದಿ, ಹೊಂಡಗಳ ಸುತ್ತ ಸೇರುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅವು ಕಾಣುವುದು ಜಾಸ್ತಿ, ಆದರೆ ಬಿಸಿಲು ಸುಡುತ್ತದೆ. ಜೂನ್, ಜುಲೈನಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಕೊರೆಯುವ ಚಳಿ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ತೆಳು ಬಟ್ಟೆ ತಂದವರು ಬೆಳಗಿನ ಡ್ರೈವ್‌ಗೆ ಹೊರಡಲಾಗದೆ ಟೆಂಟ್‌ನಲ್ಲೇ ಮುದುಡಿ ಕೂರುತ್ತಾರೆ. ದಪ್ಪ ಜಾಕೆಟ್, ಉಣ್ಣೆ ಟೋಪಿ ಬೇಕೇ ಬೇಕು.

ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಗಾಲ ಹೊಸಬರಿಗಲ್ಲ. ಸವೂಟಿಯ ಜೌಗು ಪ್ರದೇಶದ ದಾರಿಯಲ್ಲಿರುವುದು ಕಪ್ಪು ಜೇಡಿಮಣ್ಣು. ನೆನೆದರೆ ಫೋರ್ ವೀಲ್ ಡ್ರೈವ್ ಕೂಡ ಅಲ್ಲಾಡದಂತೆ ಹೂತುಹೋಗುತ್ತದೆ.

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮೊರೆಮಿ ಇರುವ ಒಕಾವಾಂಗೋ ಡೆಲ್ಟಾಕ್ಕೆ (ನದಿ ಕವಲೊಡೆದು ಹರಡುವ ಜೌಗು ಪ್ರದೇಶ) ಪ್ರವಾಹ ಬರುವುದು ಅಂಗೋಲಾದ ಎತ್ತರದ ಪ್ರದೇಶದಲ್ಲಿ ಸುರಿದ ಮಳೆಯಿಂದ. ಆ ನೀರು ನಿಧಾನವಾಗಿ ಹರಿದು ಮಾವುನ್ ಕಡೆ ಬರುವಷ್ಟರಲ್ಲಿ ಜುಲೈ, ಆಗಸ್ಟ್ ಆಗಿರುತ್ತದೆ. ಒಣ ಕಾಲ ತಾನೇ, ಹಳ್ಳದಲ್ಲಿ ನೀರಿರಲ್ಲ ಅಂದುಕೊಂಡು ಮೊರೆಮಿಗೆ ನುಗ್ಗಬೇಡಿ.

## ಹಂತ 2: ದಾರಿಯನ್ನು ಗಂಟೆಗಳಲ್ಲಿ ಅಳೆಯಿರಿ

ನಕ್ಷೆಯ ಕಿಲೋಮೀಟರ್ ಇಲ್ಲಿ ಮೋಸ ಮಾಡುತ್ತದೆ. ಡಾಂಬರಿನಲ್ಲಿ ಗಂಟೆಗೆ 80 ಕಿ.ಮೀ. ಸರಾಸರಿ ಹಿಡಿಯಬಹುದು. ಜಲ್ಲಿ ರಸ್ತೆಯಲ್ಲಿ 60. ಆಳವಾದ ಮರಳಿನಲ್ಲಿ 20ರಿಂದ 25 ಸಿಕ್ಕರೆ ಅದೇ ಹೆಚ್ಚು. ಕಸಾನೆಯಿಂದ ಸವೂಟಿಗೆ ಸುಮಾರು 170 ಕಿ.ಮೀ. ಅಷ್ಟೇ. ಕಚಿಕಾವ್ ಹಳ್ಳಿವರೆಗೆ ಡಾಂಬರು, ಅಲ್ಲಿಂದ ಮುಂದೆ ಮರಳು. ಇದಕ್ಕೆ ಐದಾರು ಗಂಟೆ ಇಟ್ಟುಕೊಳ್ಳಿ.

ಸೂರ್ಯ ಮುಳುಗುವ ಒಂದೂವರೆ ಗಂಟೆ ಮೊದಲೇ ಕ್ಯಾಂಪ್ ಮುಟ್ಟುವಂತೆ ದಿನವನ್ನು ಜೋಡಿಸಿ. ಚಳಿಗಾಲದಲ್ಲಿ ಆರು ಗಂಟೆಯ ಹೊತ್ತಿಗೆಲ್ಲ ಕತ್ತಲಾಗುತ್ತದೆ. ಆಮೇಲೆ ರಸ್ತೆ ಮೇಲೆ ಕತ್ತೆ, ದನ, ಕುಡು ಜಿಂಕೆ, ಆನೆ ಎಲ್ಲ ನಿಂತಿರುತ್ತವೆ. ಬಾಡಿಗೆ ಗಾಡಿಯ ವಿಮೆಯಲ್ಲೂ ಕತ್ತಲಾದ ಮೇಲಿನ ಅಪಘಾತವನ್ನು ಹೊರಗಿಟ್ಟಿರುವುದು ಸಾಮಾನ್ಯ.

ದಿನಗಳ ಹಂಚಿಕೆ ಹೀಗಿರಲಿ: ಎಟೋಶಾದಲ್ಲಿ ಮೂರ್ನಾಲ್ಕು ರಾತ್ರಿ, ಡಿವುಂಡು ಪಕ್ಕದ ಮಹಾಂಗೋ ಪಾರ್ಕ್‌ನಲ್ಲಿ ಎರಡು, ಕೊಂಗೋಲಾ ಹತ್ತಿರ ಒಂದು, ಕಸಾನೆ ಎರಡು, ಜಲಪಾತಕ್ಕೆ ಎರಡು, ಸವೂಟಿ, ಖ್ವಾಯ್, ಮೊರೆಮಿಯ ಥರ್ಡ್ ಬ್ರಿಡ್ಜ್ ಕ್ಯಾಂಪ್ ತಲಾ ಎರಡು. ಉಳಿದದ್ದು ಮಾವುನ್, ಘಾಂಜಿ, ವಿಂಡ್‌ಹೋಕ್. ಮಾವುನ್‌ನಿಂದ ವಿಂಡ್‌ಹೋಕ್ 800 ಕಿ.ಮೀ.ಗೂ ಹೆಚ್ಚು, ಮಧ್ಯೆ ಒಂದು ಗಡಿ. ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ. ಕಾಡಿನೊಳಗಿನ ಕ್ಯಾಂಪ್‌ಗಳಲ್ಲಿ ಒಂದೇ ರಾತ್ರಿ ಇದ್ದರೆ ಟೆಂಟ್ ಬಿಚ್ಚುವುದು, ಮಡಚುವುದೇ ಕೆಲಸವಾಗುತ್ತದೆ. ಪ್ರಾಣಿ ನೋಡುವುದು ಯಾವಾಗ?

## ಹಂತ 3: ಕ್ಯಾಂಪ್, ಗಾಡಿ, ಟಿಕೆಟ್ – ಈ ಕ್ರಮದಲ್ಲಿ ಬುಕ್ ಮಾಡಿ

ಮೊದಲು ಸವೂಟಿ, ಥರ್ಡ್ ಬ್ರಿಡ್ಜ್, ಖ್ವಾಯ್. ಇವುಗಳಲ್ಲಿ ಸೈಟ್‌ಗಳು ಬೆರಳೆಣಿಕೆಯಷ್ಟೇ. ಒಳ್ಳೆಯ ತಿಂಗಳುಗಳಿಗೆ ಹತ್ತು–ಹನ್ನೊಂದು ತಿಂಗಳು ಮುಂಚೆಯೇ ಕೇಳಬೇಕು. ಬೋಟ್ಸ್ವಾನಾದ ಪಾರ್ಕ್‌ಗಳಲ್ಲಿ ಕ್ಯಾಂಪ್‌ಸೈಟ್‌ಗಳನ್ನು ಬೇರೆ ಬೇರೆ ಖಾಸಗಿ ಸಂಸ್ಥೆಗಳು ನಡೆಸುತ್ತವೆ. ಒಂದೊಂದಕ್ಕೂ ಪ್ರತ್ಯೇಕವಾಗಿ ಬರೆಯಬೇಕು. ಪಾರ್ಕ್ ಪ್ರವೇಶ ಶುಲ್ಕವೂ ಬೇರೆ, ಕ್ಯಾಂಪ್ ಶುಲ್ಕವೂ ಬೇರೆ. ಬುಕಿಂಗ್ ಪತ್ರವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಟ್ಟುಕೊಳ್ಳಿ, ಗೇಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿರಬಹುದು.

ಇವು ಸಿಕ್ಕ ತಾರೀಕುಗಳನ್ನು ನಡುವೆ ಇಟ್ಟುಕೊಂಡು ಎಟೋಶಾದ ಒಕಾಕುವೆಯೊ, ಹಲಾಲಿ, ನಮುಟೋನಿ ಕ್ಯಾಂಪ್‌ಗಳನ್ನು ಹೊಂದಿಸಿ. ಆಮೇಲೆ ಗಾಡಿ. ಕೊನೆಗೆ ವಿಮಾನ.

ಗಾಡಿ ಹೈಲಕ್ಸ್ ಅಥವಾ ಲ್ಯಾಂಡ್ ಕ್ರೂಸರ್ ತರಹದ್ದಿರಲಿ. ಮೇಲೆ ಟೆಂಟ್, ಲೋ ರೇಂಜ್ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್), ಎರಡು ಸ್ಟೆಪ್ನಿ, ಎರಡನೇ ಬ್ಯಾಟರಿ, ಫ್ರಿಡ್ಜ್, ದೊಡ್ಡ ಡೀಸೆಲ್ ಟ್ಯಾಂಕ್ ಬೇಕು. ಬುಕ್ ಮಾಡುವ ಮೊದಲು ಬಾಡಿಗೆ ಸಂಸ್ಥೆಯಿಂದ ಎರಡು ಉತ್ತರ ಬರಹದಲ್ಲಿ ಪಡೆಯಿರಿ. ಯಾವ ಯಾವ ದೇಶಕ್ಕೆ ಒಯ್ಯಲು ಒಪ್ಪಿಗೆ ಇದೆ? ವಿಮೆಯಲ್ಲಿ ಏನೇನು ಸೇರಿಲ್ಲ? ಟಯರ್, ಗಾಜು, ಗಾಡಿಯ ತಳ, ನೀರು ಹೊಕ್ಕು ಆದ ಹಾನಿ, ಜಲ್ಲಿ ರಸ್ತೆಯಲ್ಲಿ ತಾನಾಗಿ ಉರುಳಿದ್ದು – ಇವು ಹೊರಗಿರುವುದೇ ಹೆಚ್ಚು. ವೇಗ ದಾಖಲಿಸುವ ಯಂತ್ರವೂ ಗಾಡಿಯಲ್ಲಿ ಕೂತಿರುತ್ತದೆ.

## ಹಂತ 4: ವೀಸಾ ಮತ್ತು ಕಾಗದಗಳು

ವೀಸಾ ನಿಯಮ ನಿಮ್ಮ ಪಾಸ್‌ಪೋರ್ಟ್ ಮೇಲೆ ನಿಂತಿರುತ್ತದೆ, ಆಗಾಗ ಬದಲಾಗುತ್ತದೆ. ಆಯಾ ದೇಶದ ಸರ್ಕಾರಿ ತಾಣದಲ್ಲೇ ನೋಡಿ. ಎಡವುವ ಜಾಗ ಮಾತ್ರ ಒಂದೇ: ಸಿಂಗಲ್ ಎಂಟ್ರಿ. ಮೇಲಿನ ಸುತ್ತಿನಲ್ಲಿ ನಮೀಬಿಯಾಕ್ಕೂ ಎರಡು ಸಲ, ಬೋಟ್ಸ್ವಾನಾಕ್ಕೂ ಎರಡು ಸಲ ಪ್ರವೇಶ ಆಗುತ್ತದೆ. ಎರಡಕ್ಕೂ ಮಲ್ಟಿಪಲ್ ಎಂಟ್ರಿ ಬೇಕು. ಕಾಜಾ ಯೂನಿವೀಸಾ ಎಂಬುದೊಂದಿದೆ, ಪಟ್ಟಿಯಲ್ಲಿರುವ ದೇಶಗಳವರಿಗೆ ಮಾತ್ರ. ಅದು ಜಾಂಬಿಯಾ, ಜಿಂಬಾಬ್ವೆಗೆ ನಡೆಯುತ್ತದೆ. ಬೋಟ್ಸ್ವಾನಾಕ್ಕೆ ಹಗಲಲ್ಲಿ ಹೋಗಿ ಬರಲು ಸಾಕು, ಅಲ್ಲಿ ರಾತ್ರಿ ತಂಗಲು ಆಗುವುದಿಲ್ಲ.

ಪಾಸ್‌ಪೋರ್ಟ್‌ನಲ್ಲಿ ಖಾಲಿ ಪುಟ ಎಣಿಸಿ. ಪ್ರತಿ ಗಡಿಯಲ್ಲೂ ಹೊರಗೆ ಒಂದು ಮುದ್ರೆ, ಒಳಗೆ ಒಂದು ಮುದ್ರೆ ಬೀಳುತ್ತದೆ. ಸ್ವಂತ ಡ್ರೈವಿಂಗ್ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿ ಇರಲಿ. ಹಳದಿ ಜ್ವರ ಇರುವ ದೇಶದ ಮೂಲಕ ಬರುವವರು ಲಸಿಕೆ ಪತ್ರ ತರಬೇಕಾಗಬಹುದು. ನೈರೋಬಿ, ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವವರು ಇದನ್ನು ಮರೆಯುತ್ತಾರೆ.

## ಹಂತ 5: ಗಾಡಿ ಕೈಗೆ ಬಂದ ದಿನ ಎರಡು ಗಂಟೆ ಅಲ್ಲೇ ಇರಿ

ಬೀಗದ ಕೈ ಕೊಟ್ಟ ಕೂಡಲೇ ಹೊರಡುವುದು ದೊಡ್ಡ ತಪ್ಪು. ಅಂಗಳದಲ್ಲೇ ಟೆಂಟ್ ಬಿಚ್ಚಿ, ಮಡಚಿ. ಜಿಪ್ ಪೂರ್ತಿ ಮುಚ್ಚುತ್ತದಾ ನೋಡಿ. ಒಲೆ ಹಚ್ಚಿ. ಎಂಜಿನ್ ಆರಿಸಿದ ಮೇಲೂ ಫ್ರಿಡ್ಜ್ ನಡೆಯುತ್ತದಾ ಗಮನಿಸಿ. ವೀಲ್ ಸ್ಪ್ಯಾನರ್ ಅನ್ನು ನಟ್ ಮೇಲೆ ಕೂರಿಸಿ ನೋಡಿ, ಅಳತೆ ಬೇರೆ ಇರುವ ಸ್ಪ್ಯಾನರ್ ಇಟ್ಟು ಕಳಿಸಿರುವುದೂ ಉಂಟು. ಜ್ಯಾಕ್ ಎತ್ತಿ ಇಳಿಸಿ. ಸ್ಟೆಪ್ನಿಗಳಲ್ಲಿ ಗಾಳಿ ಎಷ್ಟಿದೆ ಅಳೆಯಿರಿ. ಫೋರ್ ವೀಲ್, ಲೋ ರೇಂಜ್, ಡಿಫ್ ಲಾಕ್ (ಎರಡು ಬದಿಯ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಬೀಗ) ಹಾಕಿ ನಾಲ್ಕು ಮಾರು ಓಡಿಸಿ.

ಇವು ಇಲ್ಲದಿದ್ದರೆ ಕೇಳಿ ಪಡೆಯಿರಿ, ಇಲ್ಲವೇ ಕೊಳ್ಳಿ: ಗಾಳಿ ತುಂಬುವ ಕಂಪ್ರೆಸರ್, ಗಾಳಿ ಅಳೆಯುವ ಗೇಜ್, ಸಲಿಕೆ, ಮರಳಿಗೆ ಹಾಸುವ ಹಲಗೆಗಳು, ಎಳೆಯುವ ಹಗ್ಗ, ಪಂಕ್ಚರ್ ಪ್ಲಗ್ ಕಿಟ್, ಎರಡು ತ್ರಿಕೋನ ಫಲಕ, ಬೆಂಕಿ ಆರಿಸುವ ಸಿಲಿಂಡರ್. ಸವೂಟಿ ಕಡೆ ಫೋನ್ ನಂಬಬೇಡಿ, ಉಪಗ್ರಹ ಸಂದೇಶ ಸಾಧನ ಬಾಡಿಗೆಗೆ ಸಿಗುತ್ತದೆ. ಕಾಡಿನ ದಾರಿಗಳಿಗೆ ಟ್ರ್ಯಾಕ್ಸ್‌ಫಾರ್‌ಆಫ್ರಿಕಾ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಕೊನೆಯದಾಗಿ ಬಾನೆಟ್ ತೆಗೆಸಿ. ಗಡಿ ದಾಟಲು ಕೊಟ್ಟಿರುವ ಅನುಮತಿ ಪತ್ರದಲ್ಲಿನ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ಹೊಂದುತ್ತದಾ ಅಂತ ಅಕ್ಷರ ಅಕ್ಷರ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ಗಡಿಯಲ್ಲಿ ದಿನವೇ ಹೋಗುತ್ತದೆ.

## ಹಂತ 6: ರಸ್ತೆ ಬದಲಾದಂತೆ ಟಯರ್ ಗಾಳಿ ಬದಲಿಸಿ

ಈ ಪ್ರವಾಸದ ಅರ್ಧ ಕೌಶಲ ಇಷ್ಟೇ. ಡಾಂಬರಿನಲ್ಲಿ ಸುಮಾರು 2.2 ಬಾರ್. ಜಲ್ಲಿಯಲ್ಲಿ 1.8. ಆಳವಾದ ಮರಳಿನಲ್ಲಿ 1.2, ಬೇಕಾದರೆ 1.0. ಗಾಡಿಯ ಭಾರ ನೋಡಿ ಸ್ವಲ್ಪ ಹೆಚ್ಚುಕಡಿಮೆ ಮಾಡಿ. ಗಾಳಿ ಇಳಿಸಿದ ಟಯರ್ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಗಟ್ಟಿ ಟಯರ್ ಮರಳನ್ನು ಕೊರೆದು ಇಳಿಯುತ್ತದೆ. ಸಿಕ್ಕಿಹಾಕಿಕೊಂಡ ಮೇಲೆ ಗಾಳಿ ಇಳಿಸೋಣ ಎನ್ನುವವರೇ ಮಧ್ಯಾಹ್ನವಿಡೀ ಸಲಿಕೆ ಹಿಡಿದಿರುತ್ತಾರೆ.

ಜಲ್ಲಿಯಲ್ಲಿ: 80 ಕಿ.ಮೀ. ದಾಟಬೇಡಿ. ನಮೀಬಿಯಾದಲ್ಲಿ ಪ್ರವಾಸಿಗರ ಗಾಡಿಗಳು ಉರುಳುವುದು ಹೆಚ್ಚಾಗಿ ಖಾಲಿ ಜಲ್ಲಿ ರಸ್ತೆಯಲ್ಲೇ, ಎದುರಿಗೆ ಯಾರೂ ಇಲ್ಲದಾಗ. ಹಿಂದಿನ ಚಕ್ರ ಸ್ವಲ್ಪ ಜಾರುತ್ತದೆ, ಡ್ರೈವರ್ ಗಾಬರಿಯಿಂದ ಸ್ಟಿಯರಿಂಗ್ ಎಳೆಯುತ್ತಾನೆ, ಮೇಲಿನ ಟೆಂಟ್ ಭಾರಕ್ಕೆ ಗಾಡಿ ಮಗುಚುತ್ತದೆ. ಜಾರಿದರೆ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಹೋಗಬೇಕಾದ ಕಡೆ ನೋಡುತ್ತಾ ಸ್ಟಿಯರಿಂಗ್ ಹಗುರವಾಗಿ ಹಿಡಿದಿರಿ.

ಮರಳಿನಲ್ಲಿ: ಮರಳು ಶುರುವಾಗುವ ಮೊದಲೇ ಫೋರ್ ವೀಲ್ ಹಾಕಿ. ಬೆಳಗಿನ ತಂಪಿನಲ್ಲಿ ಮರಳು ಬಿಗಿಯಾಗಿರುತ್ತದೆ, ಕಷ್ಟದ ದಾರಿಯನ್ನು ಆಗಲೇ ಮುಗಿಸಿ. ಒಂದೇ ವೇಗದಲ್ಲಿ ಸಾಗಿ, ಗಾಡಿ ತಾನೇ ಹಳೆಯ ಜಾಡಿನಲ್ಲಿ ಹೋಗಲಿ. ನಿಲ್ಲಿಸಲೇಬೇಕಾದರೆ ಬ್ರೇಕ್ ಹಾಕದೆ ಉರುಳಿ ನಿಲ್ಲಲು ಬಿಡಿ. ಚಕ್ರ ಸುಮ್ನೆ ತಿರುಗತೊಡಗಿತು ಅಂದರೆ ತಕ್ಷಣ ಕಾಲು ತೆಗೆಯಿರಿ. ಇನ್ನೆರಡು ಸಲ ಒತ್ತಿದರೆ ಆಕ್ಸಲ್ ಮರಳಿನ ಮೇಲೆ ಕೂರುತ್ತದೆ. ಸುತ್ತಲೂ ನೋಡಿ ಇಳಿಯಿರಿ, ಪ್ರಾಣಿ ಇಲ್ಲ ಎಂದು ಖಾತ್ರಿಯಾದ ಮೇಲೆ. ಗಾಳಿ 0.8 ಬಾರ್‌ಗೆ ಇಳಿಸಿ, ಚಕ್ರಗಳ ಹಿಂದೆ ಮತ್ತು ಗಾಡಿಯ ತಳದಲ್ಲಿನ ಮರಳು ತೆಗೆದು, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಇಷ್ಟು ಕಡಿಮೆ ಗಾಳಿಯಲ್ಲಿ ಜೋರಾಗಿ ತಿರುಗಿಸಿದರೆ ಟಯರ್ ರಿಮ್‌ನಿಂದ ಕಳಚುತ್ತದೆ, ಹೊರಬಂದ ಕೂಡಲೇ ಮತ್ತೆ ತುಂಬಿ.

ಒಣ ಹುಲ್ಲು: ಜಾಡಿನ ನಡುವೆ ಬೆಳೆದ ಹುಲ್ಲು ಗಾಡಿಯ ತಳಕ್ಕೆ ಸಿಕ್ಕು ಬಿಸಿ ಸೈಲೆನ್ಸರ್ ಸುತ್ತ ಕಂತೆಯಾಗುತ್ತದೆ. ಗಾಡಿಗಳು ಹೊತ್ತಿ ಉರಿದು ಬೂದಿಯಾಗುವುದು ಹೀಗೇ. ಹುಲ್ಲಿನ ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬಗ್ಗಿ ನೋಡಿ. ಸೈಲೆನ್ಸರ್ ಮತ್ತು ಅದರ ಮೇಲಿನ ತಗಡಿನ ಕವಚದ ಸಂದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ಕಂತೆ ಕಾಣುತ್ತದೆ. ಕೈ ಹಾಕಬೇಡಿ, ಸುಡುತ್ತದೆ. ಉದ್ದನೆಯ ಕಂಬಿಯಿಂದ ಎಳೆದು ತೆಗೆಯಿರಿ. ಮುಂದೆ ರೇಡಿಯೇಟರ್‌ಗೆ ಹುಲ್ಲಿನ ಬೀಜ ಮೆತ್ತಿಕೊಂಡಿದ್ದರೆ ಬ್ರಷ್‌ನಿಂದ ಒರೆಸಿ. ಎಂಜಿನ್ ತಾಪದ ಮುಳ್ಳು ಏರುವುದು, ಒಳಗೆ ಸುಟ್ಟ ವಾಸನೆ ಬರುವುದು – ಇವೆರಡೂ ಈಗಲೇ ನಿಲ್ಲಿಸಿ ಎಂಬ ಸೂಚನೆ.

ನೀರು ದಾಟುವಾಗ: ಬೇರೆ ಕಡೆಯಾದರೆ ಇಳಿದು ನಡೆದು ಆಳ ನೋಡಿ ಎನ್ನುತ್ತಾರೆ. ಇಲ್ಲಿ ಮೊಸಳೆ, ನೀರಾನೆ ಇವೆ, ಇಳಿಯಲೇಬಾರದು. ಗೇಟಿನ ಸಿಬ್ಬಂದಿಯನ್ನು ಅಂದಿನ ಸ್ಥಿತಿ ಕೇಳಿ. ನೀರಿಗೆ ಇಳಿದ ಹೊಸ ಚಕ್ರದ ಗುರುತು ಆಚೆ ದಡದಲ್ಲೂ ಮೇಲೆ ಬಂದಿದೆಯಾ ನೋಡಿ. ಇಲ್ಲದಿದ್ದರೆ ಸುತ್ತು ದಾರಿ ಹಿಡಿಯಿರಿ. ದಾಟುವುದಾದರೆ ಲೋ ರೇಂಜ್, ಎರಡನೇ ಗೇರ್, ನಿಧಾನ, ನಡುವೆ ಗೇರ್ ಬದಲಿಸುವಂತಿಲ್ಲ.

ಡೀಸೆಲ್ ಬಗ್ಗೆ: ಕಸಾನೆ ಬಿಟ್ಟರೆ ಮುಂದಿನ ನಂಬಬಹುದಾದ ಬಂಕ್ ಮಾವುನ್‌ನಲ್ಲಿ. ಮರಳಿನಲ್ಲಿ 100 ಕಿ.ಮೀ.ಗೆ 20 ಲೀಟರ್ ಲೆಕ್ಕ ಹಿಡಿಯಿರಿ, ಕಾಡೊಳಗಿನ ಸುತ್ತಾಟವನ್ನೂ ಸೇರಿಸಿ. ಟ್ಯಾಂಕ್ ತುಂಬಿಸಿ, ಜೊತೆಗೆ ಒಂದೆರಡು ಕ್ಯಾನ್.

## ಹಂತ 7: ಗಡಿ ದಾಟುವುದು

ಬೆಳಿಗ್ಗೆ ಹೋಗಿ. ಎಷ್ಟೋ ಸಣ್ಣ ಗಡಿಗಳು ಸಂಜೆ ಆರಕ್ಕೆ ಮುಚ್ಚುತ್ತವೆ. ಕ್ರಮ ಎಲ್ಲ ಕಡೆ ಒಂದೇ ತರಹ: ಹೊರಡುವ ದೇಶದಲ್ಲಿ ಪಾಸ್‌ಪೋರ್ಟ್ ಮುದ್ರೆ, ಗಡಿಯಲ್ಲಿ ಇಟ್ಟಿರುವ ಗಾಡಿಗಳ ಪುಸ್ತಕದಲ್ಲಿ ದಾಖಲು, ಒಳಹೋಗುವ ದೇಶದಲ್ಲಿ ವೀಸಾ ಕೌಂಟರ್, ಆಮೇಲೆ ಕಸ್ಟಮ್ಸ್, ಆಮೇಲೆ ರಸ್ತೆ ಶುಲ್ಕ, ಕೊನೆಗೆ ಗಾಡಿ ತಪಾಸಣೆ. ಪ್ರತಿ ರಸೀತಿಯನ್ನೂ ಒಂದೇ ಫೈಲಿನಲ್ಲಿ ಇಡಿ. ಪೊಲೀಸರು ದಾರಿಯಲ್ಲಿ ಕೇಳುತ್ತಾರೆ, ದೇಶ ಬಿಡುವಾಗಲೂ ಕೇಳುತ್ತಾರೆ.

ನಮೀಬಿಯಾ, ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ ಒಂದೇ ಸುಂಕ ಒಕ್ಕೂಟದಲ್ಲಿವೆ, ಅವುಗಳ ನಡುವೆ ಕಾಗದ ಕಡಿಮೆ. ಜಿಂಬಾಬ್ವೆಗೆ ಗಾಡಿ ಒಯ್ದರೆ ತಾತ್ಕಾಲಿಕ ಆಮದು ಪರವಾನಗಿ, ಕಾರ್ಬನ್ ತೆರಿಗೆ, ರಸ್ತೆ ಶುಲ್ಕ, ಥರ್ಡ್ ಪಾರ್ಟಿ ವಿಮೆ ಎಲ್ಲವೂ ಬೇಕು. ಕಸಾನೆಯಿಂದ ವಿಕ್ಟೋರಿಯಾ ಜಲಪಾತ ಸುಮಾರು 80 ಕಿ.ಮೀ. ಅಷ್ಟೇ. ಹಾಗಾಗಿ ಗಾಡಿಯನ್ನು ಕಸಾನೆಯ ಕ್ಯಾಂಪ್‌ನಲ್ಲಿ ಬಿಟ್ಟು, ಟ್ಯಾಕ್ಸಿ ಅಥವಾ ವ್ಯಾನ್‌ನಲ್ಲಿ ಹೋಗಿ ಬನ್ನಿ. ಹಣವೂ ಉಳಿಯುತ್ತದೆ, ತಲೆನೋವೂ ತಪ್ಪುತ್ತದೆ. ಮುಂದೆ ಜಾಂಬಿಯಾಕ್ಕೆ ಹೋಗುವವರಿಗೆ ಕಜುಂಗುಲಾದಲ್ಲಿ 2021ರಲ್ಲಿ ತೆರೆದ ಸೇತುವೆ ಇದೆ, ಮೊದಲಿನಂತೆ ದೋಣಿಗೆ ಕಾಯಬೇಕಿಲ್ಲ.

ಮಾಂಸ ಎಲ್ಲಿ ಕೊಳ್ಳಬೇಕು ಎನ್ನುವುದನ್ನೂ ಮೊದಲೇ ಯೋಚಿಸಿ. ಜಾನುವಾರುಗಳಿಗೆ ಕಾಲುಬಾಯಿ ಜ್ವರ ಹರಡದಿರಲಿ ಅಂತ ಈ ದೇಶಗಳಲ್ಲಿ ಉದ್ದುದ್ದ ಬೇಲಿಗಳಿವೆ. ಹಸಿ ಮಾಂಸವನ್ನು ನಮೀಬಿಯಾದ ಉತ್ತರದಿಂದ ದಕ್ಷಿಣಕ್ಕೆ ತರುವಂತಿಲ್ಲ. ಬೋಟ್ಸ್ವಾನಾ ಗಡಿಯಲ್ಲಿ ಹಸಿ ಮಾಂಸ, ಹಣ್ಣು ತೆಗೆದುಕೊಳ್ಳುತ್ತಾರೆ. ಔಷಧ ಮೆತ್ತಿದ ಚಾಪೆಯ ಮೇಲೆ ಚಪ್ಪಲಿ ಒತ್ತಿ, ಚಕ್ರ ಹಾಯಿಸಿ ಎನ್ನುತ್ತಾರೆ. ಗಾಡಿಯಲ್ಲಿರುವ ಉಳಿದ ಶೂಗಳನ್ನೂ ಕೇಳಬಹುದು. ದಾಟಿದ ಮೇಲಿನ ಊರಿನಲ್ಲಿ ಕೊಳ್ಳುವುದೇ ಜಾಣತನ.

ಹಣ: ದಕ್ಷಿಣ ಆಫ್ರಿಕಾದ ರ‍್ಯಾಂಡ್ ನಮೀಬಿಯಾದಲ್ಲಿ ನಡೆಯುತ್ತದೆ, ನಮೀಬಿಯಾ ಡಾಲರ್ ದಕ್ಷಿಣ ಆಫ್ರಿಕಾದಲ್ಲಿ ನಡೆಯಲ್ಲ. ಬೋಟ್ಸ್ವಾನಾಕ್ಕೆ ಪುಲಾ. ಜಿಂಬಾಬ್ವೆಗೆ ಅಮೆರಿಕನ್ ಡಾಲರ್, ಅದೂ ಸಣ್ಣ ನೋಟುಗಳು. ಚಿಲ್ಲರೆ ಇಲ್ಲ ಎನ್ನುವುದು ಅಲ್ಲಿ ಮಾಮೂಲು.

## ಹಂತ 8: ಬೇಲಿ ಇಲ್ಲದ ಕ್ಯಾಂಪ್‌ನಲ್ಲಿ ರಾತ್ರಿ

ಎಟೋಶಾ ಕ್ಯಾಂಪ್‌ಗಳಿಗೆ ಬೇಲಿ ಇದೆ, ರಾತ್ರಿ ದೀಪ ಹಾಕಿದ ನೀರಿನ ಹೊಂಡದ ಪಕ್ಕ ಕೂತು ಘೇಂಡಾಮೃಗ ನೋಡಬಹುದು. ಸೂರ್ಯ ಮುಳುಗುವ ಮುನ್ನ ಗೇಟಿನೊಳಗೆ ಬಂದಿರಬೇಕು, ಅಷ್ಟೇ. ಸವೂಟಿ, ಖ್ವಾಯ್, ಥರ್ಡ್ ಬ್ರಿಡ್ಜ್‌ನಲ್ಲಿ ಬೇಲಿ ಇಲ್ಲ. ಆನೆ, ಕತ್ತೆಕಿರುಬ, ಸಿಂಹ ನಿಮ್ಮ ಟೆಂಟ್ ಪಕ್ಕದಲ್ಲೇ ನಡೆದು ಹೋಗುತ್ತವೆ. ಟೆಂಟ್ ಮುಚ್ಚಿಕೊಂಡು ಒಳಗಿದ್ದರೆ ಅವು ತಮ್ಮ ಪಾಡಿಗೆ ಹೋಗುತ್ತವೆ. ಅಪಾಯ ಹುಟ್ಟುವುದು ಜಿಪ್ ತೆರೆದಾಗ, ಊಟ ಹೊರಗೆ ಉಳಿದಾಗ.

1. ಬಂದ ಕೂಡಲೇ ಸೈಟ್ ಸುತ್ತ ನೋಡಿ. ನೀರಿನಿಂದ ಮೇಲೆ ಬಂದ, ಸವೆದ ಎರಡು ಸಾಲಿನ ಜಾಡು ಇದ್ದರೆ ಅದು ನೀರಾನೆ ಮೇಯಲು ಬರುವ ದಾರಿ. ಅದರ ಮೇಲೆ ಗಾಡಿ ನಿಲ್ಲಿಸಬೇಡಿ.
2. ಗಾಡಿಯನ್ನು ಹೊರಡಲು ಸಿದ್ಧವಾಗಿ, ಮುಖ ದಾರಿ ಕಡೆಗಿರುವಂತೆ ನಿಲ್ಲಿಸಿ.
3. ಅಡುಗೆಯನ್ನು ಬೆಳಕಿರುವಾಗಲೇ ಮುಗಿಸಿ. ತಿಂದ ಪಾತ್ರೆ, ಕಸ, ಕುರ್ಚಿ, ಶೂ ಎಲ್ಲ ಗಾಡಿಯೊಳಗೆ. ಕತ್ತೆಕಿರುಬ ಶೂ ಹೊತ್ತುಕೊಂಡು ಹೋಗುತ್ತದೆ, ಬಬೂನ್ ಕೋತಿ ಹಗಲಲ್ಲೇ ಡಬ್ಬಿ ಬಿಚ್ಚುತ್ತದೆ.
4. ಕಿತ್ತಳೆ, ಮೂಸಂಬಿ ತರಲೇಬೇಡಿ. ಆನೆಗೆ ಆ ವಾಸನೆ ದೂರದಿಂದಲೇ ಸಿಗುತ್ತದೆ, ಅದಕ್ಕಾಗಿ ಗಾಡಿಯ ಬಾಗಿಲನ್ನೇ ಕೀಳುತ್ತದೆ. ಜಿಂಬಾಬ್ವೆಯ ಮಾನಾ ಪೂಲ್ಸ್‌ನಲ್ಲಿ ಹಣ್ಣು ಒಯ್ಯುವುದಕ್ಕೇ ನಿಷೇಧ ಇದೆ.
5. ಮಕ್ಕಳು ಸದಾ ಕೈಯಳತೆಯಲ್ಲಿರಲಿ. ಕತ್ತಲಾದ ಮೇಲೆ ಶೌಚಾಲಯಕ್ಕೆ ನಡೆದು ಹೋಗಬೇಡಿ. ಮೇಲಿನ ಟೆಂಟ್‌ನಿಂದ ಇಳಿಯುವ ಮುನ್ನ ಟಾರ್ಚ್ ಅನ್ನು ಸುತ್ತಲೂ ನಿಧಾನವಾಗಿ ಹಾಯಿಸಿ. ಹೊಳೆಯುವ ಕಣ್ಣು ಕಂಡರೆ ಇಳಿಯಬೇಡಿ. ರಾತ್ರಿಗೆ ಟೆಂಟ್‌ನಲ್ಲೇ ಒಂದು ಬಾಟಲಿ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ಉಪಾಯ.

ಕಾಡಿನಲ್ಲಿ ಸೌದೆ ಆರಿಸುವಂತಿಲ್ಲ, ಊರಿನಲ್ಲೇ ಕೊಂಡು ತನ್ನಿ. ಡ್ರೋನ್ ತರಬೇಡಿ, ಅನುಮತಿ ಇಲ್ಲದೆ ಹಾರಿಸಿದರೆ ಕಿತ್ತುಕೊಳ್ಳುತ್ತಾರೆ.

## ಹಂತ 9: ಆನೆಯ ಸೂಚನೆಗಳನ್ನು ಓದಲು ಕಲಿಯಿರಿ

ಸಿಂಹಕ್ಕೆ ಎಲ್ಲರೂ ಹೆದರುತ್ತಾರೆ. ಗಾಡಿಯಲ್ಲಿ ಕೂತವರಿಗೆ ನಿಜವಾದ ಅಪಾಯ ಆನೆ. ಕಿವಿ ಅಗಲಿಸಿ, ತಲೆ ಕೊಡವಿ, ಧೂಳು ಎರಚಿದರೆ ಅದು ಎಚ್ಚರಿಕೆ, ನೀವು ಹತ್ತಿರ ಬಂದಿದ್ದೀರಿ ಅಂತ. ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಕಿವಿ ಹಿಂದಕ್ಕೆ ಅಂಟಿಸಿ, ತಲೆ ತಗ್ಗಿಸಿ, ಸೊಂಡಿಲು ಒಳಗೆ ಸುತ್ತಿಕೊಂಡು ಬಂದರೆ ಅದು ಬೆದರಿಕೆಯಲ್ಲ, ನಿಜವಾದ ದಾಳಿ. ಗಂಡಾನೆಯ ಕಣ್ಣು, ಕಿವಿಗಳ ನಡುವೆ ಕಪ್ಪಗೆ ಒದ್ದೆಯಾಗಿ ಸೋರುತ್ತಿದ್ದು, ಹಿಂಗಾಲುಗಳು ಮೂತ್ರದಿಂದ ನೆನೆದಿದ್ದರೆ ಮದ ಬಂದಿದೆ. ದೂರದಲ್ಲಿ ಕಂಡರೂ ದಾರಿ ಬಿಟ್ಟುಕೊಡಿ.

ತಾಯಿ, ಮರಿ ನಡುವೆ ಗಾಡಿ ನುಗ್ಗಿಸಬೇಡಿ. ಒಂದು ಆನೆ ರಸ್ತೆ ದಾಟಿದರೆ ಹಿಂದೆ ಇನ್ನಷ್ಟು ಇರುತ್ತವೆ, ಕಾಯಿರಿ. ಫೋಟೊಗೆಂದು ನಿಲ್ಲಿಸುವ ಮೊದಲು ಹಿಂದಕ್ಕೆ ಹೋಗುವ ದಾರಿ ತೆರೆದಿದೆಯಾ ನೋಡಿ. ಹಾರ್ನ್ ಬೇಡ, ಕೂಗಾಟ ಬೇಡ.

## ಹಂತ 10: ಆರೋಗ್ಯ, ಊರಿಗೆ ಮರಳಿದ ಮೇಲೂ

ಉತ್ತರ ಬೋಟ್ಸ್ವಾನಾ, ಈಶಾನ್ಯ ನಮೀಬಿಯಾ, ಜಿಂಬಾಬ್ವೆ, ಜಾಂಬಿಯಾದಲ್ಲಿ ಮಲೇರಿಯಾ ಇದೆ. ಮಳೆಗಾಲದಲ್ಲಿ ಜಾಸ್ತಿ, ಒಣ ಕಾಲದಲ್ಲೂ ಪೂರ್ತಿ ಹೋಗುವುದಿಲ್ಲ. ತಡೆ ಮಾತ್ರೆಯನ್ನು ವೈದ್ಯರಿಂದಲೇ ಬರೆಸಿಕೊಳ್ಳಿ, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ತಪ್ಪದೆ ನುಂಗಿ. ಮಧ್ಯದಲ್ಲೇ ಬಿಡುವವರು ಬಹಳ. ಸೆಟ್ಸೆ ನೊಣ ಇರುವ ಕಡೆ ಕಡು ನೀಲಿ, ಕಪ್ಪು ಬಟ್ಟೆ ಹಾಕಬೇಡಿ, ಆ ಬಣ್ಣಗಳು ಅದನ್ನು ಸೆಳೆಯುತ್ತವೆ. ಕೋಡೀನ್, ಡೈಫೆನ್‌ಹೈಡ್ರಮೀನ್ ಇರುವ ಮಾತ್ರೆ, ಸಿರಪ್ ಜಾಂಬಿಯಾದಲ್ಲಿ ತೊಂದರೆಗೆ ಸಿಕ್ಕಿಸಬಹುದು. ವಿಮಾನದಲ್ಲಿ ಆಸ್ಪತ್ರೆಗೆ ಒಯ್ಯುವ ಖರ್ಚು ಭರಿಸುವ ವಿಮೆ ಇಲ್ಲದೆ ಹೊರಡಬೇಡಿ. ಸವೂಟಿಯಿಂದ ಗಾಡಿಯಲ್ಲಿ ರೋಗಿಯನ್ನು ಮಾವುನ್‌ಗೆ ತರುವಷ್ಟರಲ್ಲಿ ಇಡೀ ದಿನ ಹೋಗುತ್ತದೆ.

ಮರಳಿದ ಮೇಲೆ ಮೂರು ತಿಂಗಳೊಳಗೆ ಜ್ವರ ಬಂದರೆ ಶೀತ ಇರಬೇಕು ಅಂತ ಕಾಯಬೇಡಿ. ಅದೇ ದಿನ ವೈದ್ಯರ ಬಳಿ ಹೋಗಿ, ಮಲೇರಿಯಾ ಇರುವ ಕಡೆಯಿಂದ ಬಂದಿದ್ದೇನೆ ಎಂದು ನೀವಾಗಿಯೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.